ಕೂದಲಿಗೆ ಬಣ್ಣ ಕೊಡುವ ಜೀವಕೋಶದೊಳಗೆ ಆ ಬಣ್ಣ ತಯಾರಾಗುವುದು ಹೇಗೆ?

ಚರ್ಮದೊಳಗೆ ಕೂದಲಿನ ಬುಡದಲ್ಲಿ ಮೆಲನೊಸೈಟ್ ಎಂಬ ಜೀವಕೋಶಗಳಿವೆ. ಅವುಗಳಲ್ಲಿ ಮೆಲನೊಸೋಮ್ ಎಂಬ ಪುಟಾಣಿ ಚೀಲಗಳು. ಬಣ್ಣ ಹುಟ್ಟುವುದು ಈ ಚೀಲದೊಳಗೇ. ತಾಮ್ರ ಇರುವ ಟೈರೊಸಿನೇಸ್ ಎಂಬ ಕಿಣ್ವ, ಟೈರೊಸಿನ್ ಅನ್ನುವ ಅಮೈನೊ ಆಮ್ಲವನ್ನು ಡೋಪಾಕ್ವಿನೋನ್ ಎಂಬ ವಸ್ತುವಾಗಿ ಬದಲಿಸುತ್ತದೆ.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ನನಗೆ ತುಂಬ ಇಷ್ಟವಾದ ಭಾಗ ಇದು. ಸಿಸ್ಟೀನ್ ಎಂಬ ಇನ್ನೊಂದು ಅಮೈನೊ ಆಮ್ಲ ಜಾಸ್ತಿ ಸಿಕ್ಕರೆ ಕೆಂಪು-ಹಳದಿ ಫಿಯೊಮೆಲನಿನ್ ಆಗುತ್ತದೆ, ಸಿಗದಿದ್ದರೆ ಕಪ್ಪು-ಕಂದು ಯೂಮೆಲನಿನ್. ನಮ್ಮ ಕಡೆಯವರ ಕಪ್ಪು ಕೂದಲಲ್ಲಿ ಇರುವುದು ಬಹುಪಾಲು ಯೂಮೆಲನಿನ್. ಅದು ಚೀಲದೊಳಗಿನ ಪ್ರೊಟೀನ್ ಎಳೆಗಳ ಮೇಲೆ ಕೂರುತ್ತಾ ಹೋಗಿ, ಕೊನೆಗೆ ಚೀಲವೆಲ್ಲಾ ಕಪ್ಪಾಗುತ್ತದೆ.

ತುಂಬಿದ ಚೀಲಗಳು ಪಕ್ಕದಲ್ಲಿ ಕೆರಟಿನ್ (ಕೂದಲಿನ ಮುಖ್ಯ ಪ್ರೊಟೀನ್) ತಯಾರಿಸುವ ಕೋಶಗಳಿಗೆ ಸೇರುತ್ತವೆ. ಆ ಕೋಶಗಳೇ ಗಟ್ಟಿಯಾಗಿ ಕೂದಲಾಗುತ್ತವೆ. ಟೈರೊಸಿನೇಸ್ ಹುಟ್ಟಿನಿಂದಲೇ ಸ್ವಲ್ಪವೂ ಕೆಲಸ ಮಾಡದಿದ್ದರೆ ಮೆಲನಿನ್, ಅಂದರೆ ಈ ಎರಡೂ ಬಗೆಯ ಬಣ್ಣ, ತಯಾರಾಗುವುದೇ ಇಲ್ಲ. ಹುಟ್ಟಿನಿಂದಲೇ ಬಣ್ಣ ಕಡಿಮೆ ಇರುವ ಅಥವಾ ಇಲ್ಲದಿರುವ ಆಲ್ಬಿನಿಸಂನ ಒಂದು ಬಗೆ ಇದು.