ಎಂಟು ತಿಂಗಳ ಕೂಸಿಗೆ ಯಾವ ಮೊಸರು?

ಡೊಂಬಿವಲಿಯ ಅಂಗಡಿಯಲ್ಲಿ ಸಿಗುವ ಸ್ಟ್ರಾಬೆರಿ ಯೋಗರ್ಟನ್ನು 8 ತಿಂಗಳ ಮಗಳಿಗೆ ಕೊಡಬಹುದೇ ಎಂದು ಕೇಳಿದ್ದೀರಿ. ಬೇಡ ಮೇಡಂ. ಡಬ್ಬಿಯ ಹಿಂಭಾಗದ ಸಣ್ಣಕ್ಷರ ಓದಿ, ಅಲ್ಲಿ ಸಕ್ಕರೆ ಕಾಣಿಸುತ್ತದೆ. ಹಾಲು, ಹೆಪ್ಪು ಇಷ್ಟೇ ಇರುವ, ಕೊಬ್ಬು ತೆಗೆಯದ ಸಾದಾ ದಹಿ ಆರಿಸಿಕೊಳ್ಳಿ. ‘ಲೋ ಫ್ಯಾಟ್’ ನಮ್ಮಂಥವರಿಗೆ, ಕೂಸಿಗಲ್ಲ. ನೆರೆಮನೆಯ ಕಾಕೂ ಎಷ್ಟೇ ಒತ್ತಾಯಿಸಿದರೂ ಸಕ್ಕರೆ ಬೆರೆಸಿದ ಶ್ರೀಖಂಡ ದೂರವೇ ಇರಲಿ.

ನಾನು ಮನೆಯಲ್ಲೇ ಹೆಪ್ಪು ಹಾಕುತ್ತಿದ್ದೆ. ಮುಂಬಯಿಯ ಸೆಕೆಗೆ ಐದಾರು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಕೂಡಲೇ ಫ್ರಿಜ್‌ನಲ್ಲಿ ಇಡದಿದ್ದರೆ ಹುಳಿ. ಸಿಹಿಗೆ ಕಿವುಚಿದ ಬಾಳೆಹಣ್ಣು ಸಾಕು. 1 ವರ್ಷ ತುಂಬುವವರೆಗೆ ಜೇನು ಮಾತ್ರ ಖಂಡಿತ ಬೇಡ, ಬಾಟುಲಿಸಂ ಎಂಬ, ಬ್ಯಾಕ್ಟೀರಿಯಾದ ವಿಷದಿಂದ ಬರುವ ಗಂಭೀರ ಕಾಯಿಲೆಯ ಅಪಾಯವಿದೆ. ಮೊದಲ ದಿನ ಒಂದೆರಡು ಚಮಚ ಕೊಟ್ಟು ನೋಡಿ. ದದ್ದು, ವಾಂತಿ ಕಂಡರೆ ನಿಲ್ಲಿಸಿ ಮಕ್ಕಳ ವೈದ್ಯರಿಗೆ ತೋರಿಸಿ.