ಕೇಳುಗರ ಕಟ್ಟೆ: ನಮಗಿಷ್ಟವಾದದ್ದು ಇನ್ನೊಬ್ಬರ ಕಿವಿಗೂ ತಲುಪಬೇಕಾದರೆ

ಪ್ರಶ್ನೆ: ತಿಂಗಳಿಗೊಮ್ಮೆ ಗೆಳೆಯರೆಲ್ಲ ಸೇರಿ ಸಂಗೀತ ಕೇಳುತ್ತೇವೆ. ಹೆಚ್ಚಿನವರು ಹಿಂದೂಸ್ತಾನಿ ಕೇಳಿ ಬೆಳೆದವರು. ಚರ್ಚಿನ ವೃಂದಗಾನ ಹಾಕಿದರೆ, ‘ಎಲ್ಲರೂ ಒಟ್ಟಿಗೆ ಹಾಡ್ತಾರಲ್ಲ, ನಾವು ಯಾರನ್ನ ಹಿಡಿಯೋದು?’ ಅಂತಾರೆ. ಎಲ್ಲಿಂದ ಶುರು ಮಾಡಲಿ? – ಒಬ್ಬ ಓದುಗರು, ಧಾರವಾಡ

ಉತ್ತರ: ಜರ್ಮನಿಯ ಸಂಗೀತಕಾರ ಬಾಕ್‌ನಿಂದಂತೂ ಬೇಡ. ಅವನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಮೊದಲ ಭಾಗದಲ್ಲೇ ಎರಡು ಕ್ವಾಯರ್ (ಹಾಡುವವರ ತಂಡ), ಎರಡು ವಾದ್ಯವೃಂದ, ಅವುಗಳ ಮೇಲೆ ಇನ್ನೊಂದು ದನಿಯ ಸಾಲು. ಹೊಸಬರ ಕಿವಿ ಅಲ್ಲೇ ಸುಸ್ತಾಗುತ್ತದೆ.

ಜಾರ್ಜಿಯಾ ದೇಶದ ಕಾಖೇತಿ ಸೀಮೆಯ ‘ಚಕ್ರುಲೊ’ ಹಾಕಿ ನೋಡಿ. ಔತಣದ ಪಂಕ್ತಿಯಲ್ಲಿ ಗಂಡಸರು ಹಾಡುವ ಜನಪದ ಹಾಡು ಅದು. ಇಬ್ಬರು ಮೇಲಿನ ದನಿಯಲ್ಲಿ ಹಾಡಿದರೆ ಉಳಿದವರು ಕೆಳಗೆ ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ. ತಂಬೂರಿ ಕೇಳಿದ ಕಿವಿಗೆ ಆ ಆಧಾರಸ್ವರ ಕೂಡಲೇ ಸಿಗುತ್ತದೆ. ವ್ಯತ್ಯಾಸ ಇಷ್ಟೇ: ನಮ್ಮ ಷಡ್ಜ ಕದಲುವುದಿಲ್ಲ, ಅವರದು ನಡುನಡುವೆ ಜಾಗ ಬದಲಿಸುತ್ತದೆ. ‘ಕೆಳಗಿನ ಸ್ವರ ಯಾವಾಗ ಸರಿಯುತ್ತೆ, ಅದನ್ನಷ್ಟೇ ಗಮನಿಸಿ’ ಎಂದು ಹೇಳಿ ಹಾಕಿ. ಕೇಳುವ ಮುಂಚೆ ಹತ್ತು ನಿಮಿಷ ಇತಿಹಾಸ ಹೇಳುವುದಕ್ಕಿಂತ ಇಂಥ ಒಂದು ಗುರುತು ಕೊಡುವುದೇ ಮೇಲು. 1977ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ವಾಯೇಜರ್ ನೌಕೆಗಳ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆಯಲ್ಲಿ ಈ ಹಾಡೂ ಇದೆ, ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಭೈರವಿ ಮೊದಲು, ‘ಚಕ್ರುಲೊ’ ಆಮೇಲೆ. ಎರಡೂ ಸೇರಿ ಆರು ನಿಮಿಷ ಹಿಡಿಯುವುದಿಲ್ಲ.

ಪ್ರಶ್ನೆ: ಇಟಲಿಯ ಸಂಗೀತಕಾರ ಅಲ್ಲೆಗ್ರಿಯ ವೃಂದಗಾನ ‘ಮಿಸೆರೆರೆ’ ನನ್ನ ಬಳಿ ಎರಡು ಧ್ವನಿಮುದ್ರಣಗಳಲ್ಲಿದೆ. ಒಂದರಲ್ಲಿ ಹುಡುಗನ ದನಿ ಆಕಾಶಕ್ಕೇ ಏರುತ್ತದೆ, ಇನ್ನೊಂದರಲ್ಲಿ ಆ ಜಾಗವೇ ಇಲ್ಲ. ಯಾವುದು ಸರಿ? – ಒಬ್ಬ ಓದುಗರು, ಮಂಗಳೂರು

ಉತ್ತರ: ಏರುವ ದನಿ ಇಲ್ಲದ್ದೇ ಮೂಲಕ್ಕೆ ಹತ್ತಿರ. ವ್ಯಾಟಿಕನ್‌ನ ಸಿಸ್ಟೈನ್ ಪ್ರಾರ್ಥನಾ ಮಂದಿರಕ್ಕಾಗಿ 1630ರ ದಶಕದಲ್ಲಿ ಹುಟ್ಟಿದ ಈ ಕೃತಿ ಕಾಗದದ ಮೇಲೆ ತೀರ ಸರಳ. ಅಲಂಕಾರವೆಲ್ಲ ಹಾಡುವವರು ಸೇರಿಸುತ್ತಿದ್ದದ್ದು. ಮನೋಧರ್ಮ ಅಂದರೇನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಎತ್ತರದ ಸ್ವರ ಬಂದದ್ದು 19ನೇ ಶತಮಾನದ ಗೊಂದಲದಿಂದ: ಮೇಲಿನ ಶ್ರುತಿಯಲ್ಲಿ ಬರೆದುಕೊಂಡಿದ್ದ ಒಂದು ತುಣುಕು ಕೆಳಗಿನ ಶ್ರುತಿಯ ಪ್ರತಿಯ ನಡುವೆ ಸೇರಿಹೋಯಿತು. ಹಾಗಂತ ಅದನ್ನು ತಳ್ಳಿಹಾಕಬೇಡಿ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜ್ ಕ್ವಾಯರ್ 1963ರಲ್ಲಿ ಇಂಗ್ಲಿಷಿನಲ್ಲಿ ಹಾಡಿ ಮುದ್ರಿಸಿದ್ದು ಈ ಪಾಠವನ್ನೇ. ಕೃತಿ ಜಗತ್ತಿಗೆಲ್ಲ ಪರಿಚಯವಾದದ್ದೂ ಬಹುಮಟ್ಟಿಗೆ ಹೀಗೆಯೇ.

ಕೇಳಿಸುವಾಗ ಕ್ರಮ ಹೇಳಿಬಿಡಿ: ಐದು ದನಿಗಳ ಗುಂಪು, ಒಂದೇ ದನಿಯ ಪಠಣ, ದೂರದಲ್ಲಿ ನಿಂತ ನಾಲ್ಕು ದನಿಗಳ ಗುಂಪು, ಮತ್ತೆ ಪಠಣ; ಹೀಗೆ ಸುತ್ತುತ್ತದೆ. ಎತ್ತರದ ಸ್ವರ ನಾಲ್ಕು ದನಿಯವರಲ್ಲಿ ಬರುತ್ತದೆ, ಒಟ್ಟು ಐದು ಸಲ. ಒಂಬತ್ತೂ ದನಿಗಳು ಕೂಡುವುದು ಕಟ್ಟಕಡೆಗೆ. ಇದು ಗೊತ್ತಿಲ್ಲದಿದ್ದರೆ ಎರಡನೇ ಸುತ್ತಿಗೇ ‘ಅದನ್ನೇ ಹಾಡ್ತಿದ್ದಾರೆ’ ಎಂಬ ಗೊಣಗಾಟ ಶುರುವಾಗುತ್ತದೆ.

ಪ್ರಶ್ನೆ: ರಷ್ಯದ ಸಂಗೀತಕಾರ ರಾಖ್ಮನಿನೊವ್‌ನ ‘ಆಲ್-ನೈಟ್ ವಿಜಿಲ್’ನಲ್ಲಿ ಗಂಡಸರ ದನಿ ಪಾತಾಳಕ್ಕಿಳಿಯುತ್ತದೆ ಎಂದು ಓದಿದೆ. ಬ್ಲೂಟೂತ್ ಸ್ಪೀಕರ್‌ನಲ್ಲಿ ಎಲ್ಲರಿಗೂ ಕೇಳಿಸಿದರೆ ಕೊನೆಗೆ ಬರೀ ಉಸಿರು ಕೇಳಿತು. – ಒಬ್ಬ ಓದುಗರು, ಮೈಸೂರು

ಉತ್ತರ: ತಪ್ಪು ಪೆಟ್ಟಿಗೆಯದು. 1915ರ ಈ ಕೃತಿಗೆ ವಾದ್ಯವೇ ಇಲ್ಲ, ರಷ್ಯದ ಆರ್ಥೊಡಾಕ್ಸ್ ಚರ್ಚಿನಲ್ಲಿ ವಾದ್ಯ ನಿಷಿದ್ಧ. ಹದಿನೈದು ಭಾಗಗಳಲ್ಲಿ ಐದನೆಯದರ ಕೊನೆಗೆ ಕೆಳದನಿಯವರು ಮೆಟ್ಟಿಲಿಳಿದಂತೆ ಇಳಿದು, ತೀರ ಮೆಲ್ಲಗೆ, ಸುಮಾರು 58 ಹರ್ಟ್ಸ್‌ನ ಸ್ವರದಲ್ಲಿ ನಿಲ್ಲುತ್ತಾರೆ. ನಮ್ಮ ಲೆಕ್ಕದಲ್ಲಿ: ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸಿನ ಮಧ್ಯ ಷಡ್ಜ 131 ಹರ್ಟ್ಸ್, ಮಂದ್ರ ಷಡ್ಜ 65. ಅದಕ್ಕೂ ಕೆಳಗಿನ ಕೈಶಿಕಿ ನಿಷಾದ (ಹಿಂದೂಸ್ತಾನಿಯ ಕೋಮಲ ನಿ) ಇದು.

ಅಂಗೈಯಗಲದ ಸ್ಪೀಕರ್ ಅಷ್ಟು ಗಾಳಿಯನ್ನು ದೂಡಲಾರದು. ಮೊಬೈಲಿನ ಸ್ಪೀಕರ್‌ಗೆ ಆ ಸ್ವರದ ಮೊದಲ ಒಂದೆರಡು ಅನುಸ್ವರಗಳೂ (ಸ್ವರದ ಜೊತೆಗೇ ಮೇಲೆ ಮೊಳಗುವ ಸಣ್ಣ ಸ್ವರಗಳು) ದಕ್ಕುವುದಿಲ್ಲ. ಬೇಸ್ ಹೆಚ್ಚಿಸಿದರೆ ಗೊರಗೊರ ಸದ್ದಷ್ಟೇ. ಐದಾರು ಇಂಚಿನ ವೂಫರ್ (ಕೆಳಸ್ವರ ನುಡಿಸುವ ಭಾಗ) ಇರುವ ಜೋಡಿ ಸ್ಪೀಕರ್ ತನ್ನಿ, ಗೋಡೆಯಿಂದ ಒಂದಡಿಯಾದರೂ ಈಚೆ ಇಡಿ. ಮೂಲೆಗೆ ಒತ್ತಿದರೆ ಕೆಳಸ್ವರ ಉಬ್ಬಿ ಮೇಲಿನ ದನಿಗಳು ಮಸುಕಾಗುತ್ತವೆ. ಎರಡು ಸ್ಪೀಕರ್‌ಗಳ ನಡುವಿನ ದೂರವೂ ಅವುಗಳಿಂದ ನಡುವಿನ ಕೇಳುಗನವರೆಗಿನ ದೂರವೂ ಹೆಚ್ಚುಕಡಿಮೆ ಒಂದೇ ಇರಲಿ. ಮೇಲೆ ಹೇಳಿದ ‘ಮಿಸೆರೆರೆ’ಯಲ್ಲಿ ಎರಡು ಗುಂಪು ಬೇರೆ ಬೇರೆ ಕಡೆಯಿಂದ ಕೇಳಬೇಕಾದರೂ ಇದೇ ದಾರಿ. ಆ ಹೊತ್ತಿಗೆ ಫ್ಯಾನ್ ಆಫ್ ಮಾಡಿ.

ಪ್ರಶ್ನೆ: ಝೂಮ್‌ನಲ್ಲಿ ಕೂಟ ನಡೆಸುತ್ತೇವೆ. ತಂಬೂರಿ ಆಗಾಗ ಮಾಯವಾಗುತ್ತದೆ. – ಒಬ್ಬ ಓದುಗರು, ಸಿಂಗಪುರ

ಉತ್ತರ: ಎಡೆಬಿಡದ ನಾದವನ್ನು ಝೂಮ್ ಫ್ಯಾನಿನ ಸದ್ದೆಂದು ತಿಳಿದು ಅಳಿಸುತ್ತದೆ. ಯಾರಾದರೂ ಹಾಡುವುದಿದ್ದರೆ ಆಡಿಯೊ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್’ ಆನ್ ಮಾಡಿ, ಇಯರ್‌ಫೋನ್ ಹಾಕಿಕೊಳ್ಳಿ. ಧ್ವನಿಮುದ್ರಣವಾದರೆ ಮೈಕಿನ ಮುಂದೆ ಇಡಲೇಬೇಡಿ. ಸ್ಕ್ರೀನ್ ಶೇರ್‌ನಲ್ಲಿ ‘ಶೇರ್ ಸೌಂಡ್’ ಒತ್ತಿ, ಪಕ್ಕದ ಪಟ್ಟಿಯಲ್ಲಿ ಸ್ಟೀರಿಯೊ ಆರಿಸಿ. ಎಲ್ಲರೂ ಒಟ್ಟಿಗೆ ಭಜನೆ ಹಾಡುವ ಆಸೆ ಮಾತ್ರ ಬಿಟ್ಟುಬಿಡಿ. ದನಿ ತಡವಾಗಿ ತಲುಪುವುದರಿಂದ ಒಬ್ಬರಿಗೊಬ್ಬರು ಕಾಯುತ್ತಾ ಕಾಲ ಎಳೆದುಹೋಗುತ್ತದೆ.

ಪ್ರಶ್ನೆ: ಇವುಗಳ ಜೊತೆಗೆ ಮಲೆ ಮಾದಪ್ಪನ ಹಾಡು ಹಾಕಬಹುದೇ? ಇಡೀ ರಾತ್ರಿ ಹಾಡುವಂಥದ್ದಲ್ಲವೇ? – ಒಬ್ಬ ಓದುಗರು, ಕೊಳ್ಳೇಗಾಲ

ಉತ್ತರ: ಧಾರಾಳವಾಗಿ ಹಾಕಿ, ಆದರೆ ಮೊದಲ ಹತ್ತು ನಿಮಿಷವನ್ನಷ್ಟೇ ಆರಿಸಿ ಕೇಳಿಸಬೇಡಿ, ಅಲ್ಲಿ ಸಾಮಾನ್ಯವಾಗಿ ಸ್ತುತಿಯೇ ಇರುತ್ತದೆ. ಸಂಕಮ್ಮನ ಸಾಲಿನಂಥ ಒಂದು ಸಾಲು (ಕಥಾಭಾಗ) ಆರಿಸಿ, ಮಾತಿನಲ್ಲಿ ನಡೆಯುತ್ತಿದ್ದ ಕಥೆ ಹಾಡಿಗೆ ಹೊರಳುವ ಜಾಗಕ್ಕೆ ಒಂದು ನಿಮಿಷ ಹಿಂದಿನಿಂದ ಶುರು ಮಾಡಿ. ಮುಂದಾಳಿನ ಸಾಲು ಮುಗಿಯುವ ಮೊದಲೇ ಹಿಮ್ಮೇಳದವರು ಸೊಲ್ಲು ಎತ್ತಿಕೊಂಡರೆ ಆ ಎರಡು ದನಿಗಳ ತಾಕಲಾಟವೇ ಕೇಳುವಂಥದ್ದು. ಕಂಸಾಳೆಯ ಕಂಚಿನ ಪೆಟ್ಟು ಕಿವಿಗೆ ಚುಚ್ಚುತ್ತದೆ; ವೃಂದಗಾನಕ್ಕೆ ಇಟ್ಟ ವಾಲ್ಯೂಮನ್ನು ತಗ್ಗಿಸಿಯೇ ಶುರು ಮಾಡಿ.