ಗಿರಣಿಗೆ ಸಾರ್ಟೆಕ್ಸ್ ಬಂದ ಮೇಲೆ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ವಯಸ್ಸು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಬಸಣ್ಣ ಎಂದು ಕರೆಯೋಣ. ಐವತ್ತು ದಾಟಿದೆ. ಗಂಗಾವತಿ ಸೀಮೆಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲರಾಗಿ ಸೇರಿ, ಕೆಲಸ ನೋಡಿ ನೋಡಿ ಕಲಿತು, ಈಗ ಅಲ್ಲೇ ಹೆಡ್ ಆಪರೇಟರ್. ಎದೆ ಹಿಡಿದಂತಾಗುತ್ತದೆ ಎಂದು ಡಾಕ್ಟರ ಬಳಿ ಹೋಗಿದ್ದರು. ಇಸಿಜಿಯಲ್ಲಿ ಏನೂ ಇರಲಿಲ್ಲ, ಹಾಗಾಗಿ ಆಪ್ತಸಮಾಲೋಚನೆಗೆಂದು ನನ್ನ ಕಡೆ ಕಳಿಸಿದ್ದರು. ಜೊತೆಗೆ ಬಂದ ಹೆಂಡತಿ ಸುತ್ತಿ ಬಳಸಿ ಮಾತಾಡಲಿಲ್ಲ: "ಆ ಮಷಿನ್ ಬಂದಾಗಿಂದ ಹಿಂಗ ಆಗ್ಯಾರ್ರಿ ಮೇಡಮ್ಮಾರ. ನಡುರಾತ್ರ್ಯಾಗ ಎದ್ದು ಕುಂದರ್ತಾರ. ಕೆಲಸಾನ ಬಿಡ್ತೀನಿ ಅಂತಾರ."

ಮಷಿನ್ ಎಂದರೆ ಸಾರ್ಟೆಕ್ಸ್, ಬಣ್ಣ ನೋಡಿ ಅಕ್ಕಿ ಬೇರ್ಪಡಿಸುವ ಯಂತ್ರ. ಅಕ್ಕಿ ಮೇಲಿಂದ ಜಾರಿ ಬೀಳುವಾಗ ಕ್ಯಾಮೆರಾ ಕಾಳುಕಾಳನ್ನೂ ನೋಡುತ್ತದೆ. ಕರಿಕಾಳೋ ಹಳದಿಕಾಳೋ ಕಂಡರೆ ಕಂಪ್ರೆಸರ್ ಗಾಳಿ ಹೊಡೆದು ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ದೊಡ್ಡ ಗಿರಣಿಗಳಿಗೆ ಇದು ಹಳೆಯ ಸುದ್ದಿ. ಬಸಣ್ಣನವರ ಗಿರಣಿ ಚಿಕ್ಕದು, ಅಲ್ಲಿಗೆ ತಡವಾಗಿ ಬಂತು. ಅದನ್ನು ನಡೆಸಲು ಐಟಿಐ ಓದಿದ ಹುಡುಗನೂ ಬಂದ.

"ನಂದಿನ್ನ ಕಲಿಯೂ ವಯಸ್ಸಲ್ರಿ" ಅಂದರು. ಆ ಮಾತನ್ನು ನಾನು ಒಪ್ಪಲಿಲ್ಲ. ಹಮಾಲರ ಪಗಾರವನ್ನು ಫೋನ್‌ಪೇಯಲ್ಲಿ ಹಾಕುವವರು, ಮಗಳಿಗೆ ವಿಡಿಯೊ ಕಾಲ್ ಮಾಡುವವರು ಅವರೇ. ಅದನ್ನೆಲ್ಲ ಯಾವ ಮಾಸ್ತರೂ ಕಲಿಸಿಲ್ಲ. ಮಷಿನ್ ಬಂದ ದಿನ ಏನೇನಾಯಿತು, ಪೂರ್ತಿ ಹೇಳಿ ಎಂದೆ. ಆ ದಿನ ಸಾವ್ಕಾರರು ಎಲ್ಲರೆದುರು ಹೇಳಿದ್ದರಂತೆ: "ಬಸಣ್ಣ, ಇನ್ಮ್ಯಾಲೆ ಈ ಹುಡುಗ ಹೇಳಿದಂಗ ಕೇಳು." ಅಂದಿನಿಂದ ಬಸಣ್ಣ ಆ ಪರದೆ ಮುಟ್ಟಿಲ್ಲ. "ತಪ್ಪು ಒತ್ತಿದ್ರ ಅಂವ ನಗ್ತಾನ. ಅಂವ ನಗಲಿಲ್ಲಂದ್ರೂ ಹಮಾಲ್ರು ನಗ್ತಾರ."

ನನ್ನ ಬಳಿ ಬರುವ ಇಂಥ ಪ್ರಕರಣಗಳಲ್ಲಿ ಹೊಸ ಕೆಲಸ ಕಷ್ಟವೆಂದು ಸೋತವರು ಕಡಿಮೆ. ಇಷ್ಟು ವರ್ಷ ಗೊತ್ತಿದ್ದವನು ನಾಲ್ಕು ಜನರೆದುರು ಗೊತ್ತಿಲ್ಲದವನಾಗಿ ನಿಲ್ಲಬೇಕಲ್ಲ, ಆ ಸಂಕಟಕ್ಕೇ ಹಿಂದೆ ಸರಿಯುತ್ತಾರೆ. ಅದಕ್ಕೆ ವಯಸ್ಸಿನ ನೆಪ ಹೇಳುವುದು ಸುಲಭ. ಮಾಲೀಕರೂ ಅದೇ ನೆಪ ಹೇಳುತ್ತಾರೆ.

ಮಷಿನ್ ತಪ್ಪು ಮಾಡುವುದಿಲ್ಲವೇ ಎಂದು ಕೇಳಿದೆ. ಅಷ್ಟು ಹೊತ್ತು ಟವೆಲ್ಲಿನ ಅಂಚು ತಿರುವುತ್ತಿದ್ದವರು ನೆಟ್ಟಗೆ ಕೂತರು. ಸೂಕ್ಷ್ಮತೆ ಹೆಚ್ಚಿಟ್ಟರೆ ಒಳ್ಳೆ ಅಕ್ಕಿಯೂ ರಿಜೆಕ್ಟಿಗೆ ಹೋಗುತ್ತದೆ, ಕಡಿಮೆಯಿಟ್ಟರೆ ಕರಿಕಾಳು ಚೀಲಕ್ಕೆ ಬರುತ್ತದೆ, ಗಾಜಿಗೆ ತೌಡಿನ ಧೂಳು ಕೂತರೆ ಕ್ಯಾಮೆರಾಕ್ಕೆ ಕಣ್ಣು ಕಾಣುವುದಿಲ್ಲ. ನುಚ್ಚಿನ ವಿಷಯದಲ್ಲಂತೂ ಸಾರ್ಟೆಕ್ಸ್ ಏನೂ ಮಾಡಲಾರದು. ಭತ್ತ ಸುಮಾರು 14 ಶೇಕಡಾ ತೇವದಲ್ಲಿರಬೇಕು. ಡ್ರೈಯರಿನಲ್ಲಿ ಅವಸರದಿಂದ ಒಣಗಿಸಿದರೆ ಕಾಳು ಒಳಗೇ ಸೀಳುತ್ತದೆ, ಪಾಲಿಷರಿಗೆ ಹೋದಾಗ ಮುರಿಯುತ್ತದೆ. ಬಸಣ್ಣ ಕಾಳು ಕಚ್ಚಿ ನೋಡಿ ತೇವ ಹೇಳುತ್ತಾರೆ, ಮೀಟರಿಗೂ ಅವರಿಗೂ ಹೆಚ್ಚು ಅಂತರ ಬರುವುದಿಲ್ಲವಂತೆ. ಈಗ ರಿಜೆಕ್ಟಿಗೆ ಒಳ್ಳೆ ಅಕ್ಕಿ ಹೋಗ್ತಿದೆಯೇ ಎಂದೆ. "ದಿನಾ ಹೊಂಟದರಿ. ಮುಷ್ಟ್ಯಾಗ ಹಿಡಿದ್ರ ಗೊತ್ತಾಗ್ತದ. ನಾ ಹೇಳಿಲ್ಲ." ಸಿಟ್ಟಿನ ಮೌನ ಅದು, ಗಿರಣಿಗೆ ದಿನವೂ ಲುಕ್ಸಾನು.

ಕೊಟ್ಟ ಸಲಹೆಯಲ್ಲಿ ಕಲಿಕೆಯ ಭಾಗ ಚಿಕ್ಕದು. ಗಿರಣಿ ನಡೆಯುವಾಗ ಕಲಿಯುವುದು ಬೇಡ. ಶಿಫ್ಟಿಗೆ ಮುಂಚೆ, ಹಮಾಲರು ಬರುವ ಮೊದಲು ಅರ್ಧ ತಾಸು ಸಾಕು. ಒಂದು ದಿನಕ್ಕೆ ಒಂದೇ ಪರದೆ, ಅದರ ಫೋಟೊ ಫೋನಿನಲ್ಲಿ, ಯಾವ ಗುಂಡಿಗೆ ಏನಾಗುತ್ತದೆ ಎಂಬುದು ಕನ್ನಡದಲ್ಲಿ ಅವರದೇ ನೋಟ್‌ಬುಕ್ಕಿನಲ್ಲಿ. ಒತ್ತುವ ಕೈ ಅವರದೇ ಆಗಬೇಕು. ಪಕ್ಕದಲ್ಲಿ ನಿಂತು ತಲೆಯಾಡಿಸಿದರೆ ಏನೂ ಹತ್ತುವುದಿಲ್ಲ. ಹುಡುಗನ ಹತ್ತಿರ ಹೇಗೆ ಕೇಳುವುದು ಎಂಬುದನ್ನು ಇಲ್ಲೇ ಆಡಿಸಿ ನೋಡಿದೆವು. ಮೊದಲ ಸಲ ಅವರ ಬಾಯಿಂದ ಬಂದದ್ದು ಅಪ್ಪಣೆ. ಆಮೇಲೆ ಇದಕ್ಕೆ ಇಳಿಯಿತು: "ತಮ್ಮಾ, ರಿಜೆಕ್ಟ್ ನಾ ನೋಡಿ ಹೇಳ್ತೀನಿ, ಸೆಟ್ಟಿಂಗ್ ನೀ ತೋರಿಸು, ಒತ್ತೂದು ನಾನು."

ಸಾವ್ಕಾರರ ಜೊತೆಗಿನ ಮಾತು ಇದಕ್ಕಿಂತ ಮುಖ್ಯವಾಗಿತ್ತು. ಹೊಂದಿಕೊಳ್ಳುವ ಭಾರವನ್ನೆಲ್ಲ ಕೆಲಸಗಾರನ ಹೆಗಲಿಗೇ ಹೊರಿಸುವುದು ಅನ್ಯಾಯ. ಲಕ್ಷಗಟ್ಟಲೆ ಕೊಟ್ಟು ಮಷಿನ್ ತರುವವರು ಮುಂಚೆಯೇ ಒಂದು ಮಾತು ಹೇಳಬಹುದಿತ್ತು. ಪಗಾರ ಕಡಿಮೆಯಾಗುತ್ತದೆಯೇ, ಲಾಟು ಪಾಸು ಮಾಡುವ ಕೊನೆಯ ಮಾತು ಯಾರದು, ಇವೆರಡನ್ನು ಬಾಯಿಬಿಟ್ಟು ಕೇಳಿ ಎಂದೆ. ಒಬ್ಬರೇ ಇದ್ದಾಗ ಕೇಳಬೇಕು, ರಾಜೀನಾಮೆಯ ಬೆದರಿಕೆ ಇರಬಾರದು, ಕೈಯಲ್ಲಿ ರಿಜೆಕ್ಟಿನ ಒಂದು ಮುಷ್ಟಿ ಅಕ್ಕಿ ಇರಲಿ.

ನಿದ್ದೆಯದು ಬೇರೆಯೇ ಕಥೆ. ರಾತ್ರಿ ಒಂದು ಕ್ವಾರ್ಟರ್ ಶುರುವಾಗಿತ್ತು, ಹೆಂಡತಿ ಹೊರಗೆ ಹೋದ ಮೇಲೆ ಹೇಳಿದರು. ಕುಡಿದರೆ ಬೇಗ ಕಣ್ಣು ಮುಚ್ಚುತ್ತದೆ, ನಡುರಾತ್ರಿ ಎಚ್ಚರವಾಗುವುದೂ ಅದರಿಂದಲೇ ಹೆಚ್ಚುತ್ತದೆ ಎಂದು ವಿವರಿಸಿದೆ. ಸಂಜೆಯ ಮೇಲೆ ಚಹಾ ಬೇಡ, ತಲೆಯಲ್ಲಿ ಕೊರೆಯುವುದನ್ನು ಊಟಕ್ಕೆ ಮುಂಚೆ ಬರೆದಿಡಿ ಎಂದೂ ಹೇಳಿದೆ. ಬರೆಯುವುದನ್ನು ಅವರು ಮಾಡಲಿಲ್ಲ. ಹೆಂಡತಿಗೆ ಹೇಳಿಕೊಂಡರು, ಅದೂ ಆಗುತ್ತದೆ. ಎದೆ ಹಿಡಿಯುವುದು ನಿಲ್ಲದ್ದರಿಂದ ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಕಳಿಸಿದೆ. "ನಾ ಹುಚ್ಚ ಏನ್ರಿ?" ಎಂದು ಸಿಟ್ಟಾದರು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು, ಬಿಪಿ ಸಕ್ಕರೆಗೆ ಹೋದಂತೆ ಹೋಗಿ ಬನ್ನಿ ಎಂದೆ. ಹೋದರು. ಸಾಲಿನಲ್ಲಿ ತಮ್ಮೂರಿನವರೇ ಸಿಕ್ಕರಂತೆ! ಅಷ್ಟು ದೂರ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆಯುಧ ಪೂಜೆಯ ಹೊತ್ತಿಗೆ ಮೂರು ಪರದೆ ಕಲಿತಿದ್ದರು. ಮುಂಗಾರಿನ ಭತ್ತ ನುಗ್ಗುವ ಮೊದಲೇ ಇಷ್ಟಾದದ್ದು ಒಳ್ಳೆಯದಾಯಿತು, ಸುಗ್ಗಿಯ ಗದ್ದಲದಲ್ಲಿ ಯಾರೂ ಯಾರಿಗೂ ಕಲಿಸಲಾರರು. ಪಗಾರ ಕಡಿಮೆಯಾಗುವುದಿಲ್ಲ ಎಂದು ಸಾವ್ಕಾರರು ಮಾತು ಕೊಟ್ಟರು. ಲಾಟು ಪಾಸಿನ ಪ್ರಶ್ನೆಗೆ ನೇರ ಉತ್ತರ ಕೊಡಲಿಲ್ಲ, ಆದರೆ ಈಗ ಚೀಲ ಹೊಲಿಯುವ ಮೊದಲು ಬಸಣ್ಣನನ್ನು ಕರೆಸುತ್ತಾರಂತೆ. ಪರದೆಯಲ್ಲಿ ಇಂಗ್ಲಿಷಿನ ಎಚ್ಚರಿಕೆ ಬಂದರೆ ಇವರು ಹುಡುಗನನ್ನೇ ಕೂಗುತ್ತಾರೆ. ಅವನು "ಬಂದೆ ಕಾಕಾ" ಎನ್ನುತ್ತಾನೆ. ಕ್ವಾರ್ಟರ್ ಕಡಿಮೆಯಾಗಿದೆ, ನಿಂತಿಲ್ಲ. ಅದರ ಮೇಲೆ ಇನ್ನೂ ಕೆಲಸ ನಡೆದಿದೆ.

ಕಳೆದ ಸಲ ಬಂದಾಗ ಪ್ಯಾಕಿಂಗ್ ಮಷಿನ್ ಬರುವ ಸುದ್ದಿ ತಂದಿದ್ದರು. "ಯಾವಾಗ ಬರ್ತದ, ಮೊದಲ ನನಗ ಹೇಳ್ರಿ ಅಂತ ಕೇಳಿಬಿಟ್ಟೆ" ಅಂದರು. ಸಾವ್ಕಾರರು ಏನಂದರು ಎಂದೆ. "ನೋಡೂಣು ಅಂದಾರ."